ಬೆರಳಗಲದ ಸಂದು

ಜೀಪಿನ ಗಾಲಿ ದೊಡ್ಡದಿದ್ದಷ್ಟೂ ಚಂದ ಅನ್ನುವವರೇ ಹೆಚ್ಚು. ನನಗೆ ಮಾತ್ರ ಹದಿನಾರು ಇಂಚಿನ ರಿಮ್ ಇಳಿಸಿ ಹದಿನೈದರದ್ದು ಕೂಡಿಸುವುದು, ಮುಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹೊಂದಿಸುವುದು ಬಲು ಪ್ರೀತಿಯ ಕೆಲಸ. ಹಿಪ್ಪರಗಿ ಸೀಮೆಯಲ್ಲಿ ಹಳೆಯ ಮಹೀಂದ್ರಾ ಜೀಪು ಇಟ್ಟುಕೊಂಡವರಿಗೆ ಇದು ಬರೀ ಶೋಕಿಯಲ್ಲ. ಕೃಷ್ಣೆ ಉಕ್ಕಿದಾಗ ರಸ್ತೆಯ ಮೇಲೇ ನೀರು. ಡ್ರಮ್ಮಿಗೆ ನೀರು ಹೊಕ್ಕರೆ ಲೈನರ್ ತೊಯ್ದು, ಪೆಡಲ್ ಒತ್ತಿದರೂ ಗಾಡಿ ಸಾಗುತ್ತಲೇ ಇರುತ್ತದೆ. ಹೊಕ್ಕ ರಾಡಿ ಅಲ್ಲೇ ಕೂರುತ್ತದೆ. ಡಿಸ್ಕಿನದು ತೆರೆದ ಮೈ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಪ್ಯಾಡೇ ಅದನ್ನು ಒರೆಸಿಬಿಡುತ್ತದೆ. ಕಬ್ಬಿನ ಹಂಗಾಮಿನಲ್ಲಿ, ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಕತ್ತಲಲ್ಲಿ ಹಿಂದೀಪವಿಲ್ಲದೆ ಮುಂದೆ ಸಿಕ್ಕಾಗ, ಬ್ರೇಕಿನ ಬೆಲೆ ತಿಳಿಯುತ್ತದೆ.

ಜೀಪಿನ ಹಬ್ಬಿಗೂ ಹದಿನೈದರ ರಿಮ್ ಕೊಡುವ ಬೊಲೆರೊದ ಹಬ್ಬಿಗೂ ಬೋಲ್ಟುಗಳ ಅಳತೆ ಒಂದೇ: ಐದು ಬೋಲ್ಟು, 139.7 ಮಿ.ಮೀ. ಅಡ್ಡಳತೆಯ ವೃತ್ತ, ಅಂದರೆ ಐದೂವರೆ ಇಂಚು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಅಳತೆ ಇನ್ನೂ ನಮ್ಮ ಗ್ಯಾರೇಜುಗಳಲ್ಲಿ ಬದುಕಿದೆ! 6.00-16 ಟೈರಿನ ಎತ್ತರ ಸುಮಾರು 730 ಮಿ.ಮೀ.; 215/75 ಆರ್ 15ರದ್ದು 703. ಆಕ್ಸಲ್ ನೆಲಕ್ಕೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಹತ್ತಿರವಾಗುತ್ತದೆ, ಮೀಟರು ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಆದರೆ ಗಾಲಿ ಸಣ್ಣದಾದಷ್ಟೂ ಬ್ರೇಕಿನ ಅದೇ ಹಿಡಿತ ನೆಲದ ಮೇಲೆ ಹೆಚ್ಚು ನಾಟುತ್ತದೆ.

ಹೊರಗೆ ರಿಮ್ ಕುಗ್ಗುತ್ತದೆ, ಒಳಗೆ ಪ್ಯಾಡು ಹಿಡಿದ ಕ್ಯಾಲಿಪರ್ ಜಾಗ ಕೇಳುತ್ತದೆ. ನನಗೆ ಹುಚ್ಚು ಹಿಡಿಸುವುದು ಇದೇ. ಕ್ಯಾಲಿಪರಿನ ಬೆನ್ನಿಗೆ ಹಸಿ ಎರಿ ಮಣ್ಣು ಮೆತ್ತಿ, ಗಾಲಿ ಏರಿಸಿ, ಮೆಲ್ಲಗೆ ತಿರುಗಿಸಿ, ಮತ್ತೆ ಬಿಚ್ಚಿ ನೋಡಬೇಕು. ರಿಮ್ ಸವರಿದ ಕಡೆ ಎಷ್ಟು ದಪ್ಪ ಮಣ್ಣು ಉಳಿದಿದೆಯೋ ಅಷ್ಟೇ ಸಂದು. ನಮ್ಮ ಮಿಸ್ತ್ರಿ ಅಳತೆಪಟ್ಟಿ ಮುಟ್ಟುವುದಿಲ್ಲ. "ಬೆರಳ ಆಡಬೇಕ್ರಿ ಅಣ್ಣಾರ, ನಡುವ ಒಂದ ಹರಳ ಸಿಕ್ಕೊಂಡ್ರ ರಿಮ್ಮ ಕೊರದ ಬಿಡತೈತಿ" ಅನ್ನುತ್ತಾರೆ. ಸಾಲದಿದ್ದರೆ ಬ್ರ್ಯಾಕೆಟ್ಟು ಮತ್ತೆ ಲೇಥಿಗೆ.

ಡ್ರಮ್ಮಿನ ಶೂ ಗಾಲಿ ತಿರುಗುವ ರಭಸಕ್ಕೆ ತಾನೇ ಎಳೆದುಕೊಂಡು ಕಚ್ಚುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಕಾಲಿನ ಬಲವೇ ಬೇಕು, ಹಾಗಾಗಿ ಬೂಸ್ಟರ್. ಬೂಸ್ಟರಿಗೆ ನಿರ್ವಾತ ಬೇಕು, ಡೀಸೆಲ್ ಎಂಜಿನ್ನು ಅದನ್ನು ತಾನಾಗಿ ಕೊಡದು. ಆಲ್ಟರ್ನೇಟರಿನ ಹಿಂದೆ ಪುಟ್ಟ ವ್ಯಾಕ್ಯೂಮ್ ಪಂಪು ಕೂಡಿಸಿದ ಜಾಣರಿಗೆ ಕೈಮುಗಿಯಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಡ್ರಮ್ಮಿಗೆಂದು ಇಟ್ಟ ಒತ್ತಡದ ವಾಲ್ವು ಮುಂಗಾಲಿಯ ದಾರಿಯಲ್ಲಿ ಉಳಿದರೆ ಪ್ಯಾಡು ಸದಾ ಉಜ್ಜುತ್ತದೆ, ಡಿಸ್ಕು ಕಾಯುತ್ತದೆ.

ಆಮೇಲೆ ಏರ್ ತೆಗೆಯುವುದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಶುರು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಬಿಗಿಯಬೇಕು. ಪೈಪಿನಲ್ಲಿ ಗುಳ್ಳೆ ಬರುವುದು ನಿಂತು ಬರೀ ಆಯಿಲ್ ಹರಿದಾಗ ಪೆಡಲ್ಲು ಕಲ್ಲಿನಂತಾಗುತ್ತದೆ. ಆ ಗಟ್ಟಿತನ ಅಂಗಾಲಿಗೆ ತಾಗುವ ಕ್ಷಣಕ್ಕಾಗಿ ಇಡೀ ದಿನ ಗ್ಯಾರೇಜಿನಲ್ಲಿ ಕೂರಬಲ್ಲೆ.

ಹಳೆಯ ಟೈರುಗಳನ್ನು ಮಾರಬಾರದು. ಹಸಿ ಎರಿ ಹೊಲದಲ್ಲಿ ಆ ಸಪೂರ ಹದಿನಾರೇ ಮೇಲು. ಕೆಸರು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಟಿಗೇ ಇರುವುದರಿಂದ, ಪಾನಾ ಹಿಡಿಯುವ ಮೊದಲೇ ಜಮಖಂಡಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕೊನೆಗೆ ಖಾಲಿ ದಾರಿಯಲ್ಲಿ ಸ್ಟೇರಿಂಗ್ ಹಗುರಾಗಿ ಹಿಡಿದು ಬ್ರೇಕ್ ಒತ್ತಿ, ಗಾಡಿ ಎಡಕ್ಕೂ ಬಲಕ್ಕೂ ಎಳೆಯದೆ ನಿಲ್ಲುವುದನ್ನು ನೋಡಿ, ಗಾಲಿಯ ನಟ್ಟುಗಳನ್ನು ಇನ್ನೊಂದು ಸಲ ಬಿಗಿಯಬೇಕು.