ಅಕ್ಕನ ಮನೆಯ ಬೇಸಿಗೆ ಟೈಂಟೇಬಲ್



ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಮಸಿನಗುಡಿಯಿಂದ ಅಕ್ಕ ಫೋನ್ ಮಾಡಿದಳು. ನನ್ನ ದೊಡ್ಡಮ್ಮನ ಮಗಳು. "ಬೇಸಿಗೆಗೆ ಮಕ್ಕಳಿಗೊಂದು ಟೈಂಟೇಬಲ್ ಹಾಕಿಕೊಡೇ, ನೀನು ಬಿಎಸ್ಸಿ ಓದಿದವಳು" ಅಂದಳು. ನನಗೆ ಖುಷಿಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಾಚಿಕೆ ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಅಕ್ಕನ ಮೂವರು ಮಕ್ಕಳು ಶಾಲೆಗೆ ಹೋಗುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಪಾಠ ಶುರುವಾಯಿತು. ಶಾಲೆ ತೆರೆದ ಮೇಲೆ ನಡುವಿನವನಿಗೆ ಓದುವುದು ಕಷ್ಟವಾಗಿ, ಕೊನೆಯ ಬೆಂಚಿನಲ್ಲಿ ಕೂತು ದಿನಾ ಅಳುತ್ತಾ ಬರುತ್ತಿದ್ದ. ಭಾವನೂ ಅಕ್ಕನೂ ಪ್ರಾರ್ಥನೆ ಮಾಡಿ, ಯೋಚಿಸಿ, ಮೂವರನ್ನೂ ಮನೆಯಲ್ಲೇ ಓದಿಸಲು ತೀರ್ಮಾನಿಸಿದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಯಾರೋ, "ಆ ಮಕ್ಕಳು ಓದು ಬರಹ ಇಲ್ಲದೆ ಹಾಗೇ ಬೆಳೀತಾವೆ" ಅಂದಾಗ ನಾನೂ ನಕ್ಕಿದ್ದೆ. ಅಕ್ಕ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದಳು. ಆಮೇಲೆ ಅವಳು ಅದನ್ನು ಎತ್ತಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ.

ಹಾಗಾಗಿ ಟೈಂಟೇಬಲ್ ಅನ್ನು ತುಂಬಾ ಶ್ರದ್ಧೆಯಿಂದ ಮಾಡಿದೆ. ಚಾರ್ಟ್ ಪೇಪರ್, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. 5.30ಕ್ಕೆ ಏಳುವುದು, 6ಕ್ಕೆ ಪ್ರಾರ್ಥನೆ, 6.30ಕ್ಕೆ ವಾಕಿಂಗ್, 8ಕ್ಕೆ ಗಣಿತ, 9ಕ್ಕೆ ಇಂಗ್ಲಿಷ್... ರಾತ್ರಿ 8ಕ್ಕೆ ಪೂರ್ತಿ ಐದು ದಶಕದ ಜಪಸರ. ಒಂದೊಂದರ ಪಕ್ಕದಲ್ಲೂ ಟಿಕ್ ಹಾಕಲು ಚೌಕ. ಅದನ್ನು ಸುತ್ತಿಕೊಂಡು ಊಟಿಯಿಂದ ಕಲ್ಲಟ್ಟಿ ಘಾಟಿನ 36 ತಿರುವು ಇಳಿದು ಹೋದೆ.

ಅಕ್ಕ ಗೋಡೆಗೆ ಅಂಟಿಸಿ, ಓದಿ, ಮೆಲ್ಲಗೆ ಕೇಳಿದಳು: "6.30ಕ್ಕೆ ವಾಕಿಂಗ್ ಅಂತ ಬರೆದಿದ್ದೀಯಲ್ಲ, ಆನೆಗೆ ಹೇಳಿದೀಯಾ?"

ಊಟಿಯಲ್ಲಿ ಬೆಳೆದ ನನಗೆ ಅದು ಹೊಳೆದೇ ಇರಲಿಲ್ಲ. ಬೇಸಿಗೆಯಲ್ಲಿ ಕಾಡು ಒಣಗಿದಾಗ ನೀರು, ಮೇವು ಹುಡುಕಿ ಆನೆಗಳು ಊರಂಚಿಗೆ ಬರುತ್ತವೆ. ಬಿಸಿಲು ಚೆನ್ನಾಗಿ ಏರುವವರೆಗೆ ಅಕ್ಕ ಮಕ್ಕಳನ್ನು ಅಂಗಳದಾಚೆ ಬಿಡುವುದಿಲ್ಲ.

ನಾನು ಮೂರು ದಿನ ಅಲ್ಲೇ ಇದ್ದೆ. ಮೂರನೇ ರಾತ್ರಿ ಎರಡನೇ ದಶಕಕ್ಕೇ ಪುಟ್ಟಿ ನಿದ್ದೆಗೆ ಜಾರಿದಳು. ಅವಳ ಚೌಕ ಖಾಲಿ ಬಿಟ್ಟೆ. ನಡುವಿನವನು ಅದನ್ನು ನೋಡಿ, "ಚಿಕ್ಕಿ, ದೇವರೂ ಮಾರ್ಕ್ಸ್ ಕೊಡ್ತಾರಾ?" ಅಂದ. ಕೊನೆಯ ಬೆಂಚಿನ ಹುಡುಗ ಕೇಳಿದ ಪ್ರಶ್ನೆ ಅದು. ನನಗೆ ಉತ್ತರ ಬರಲಿಲ್ಲ.

ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಅಕ್ಕನ ಜೊತೆ ಕೂತೆ. ಭಾವ ಇನ್ನೂ ಬಂದಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ಅಂದರೆ ರಜೆ ಅಲ್ಲ, ಸೀಸನ್. ಮೇ ತಿಂಗಳಲ್ಲಿ ಊಟಿಯ ಸಸ್ಯೋದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ. ವಾಹನಗಳು ಎಷ್ಟಾದವು ಅಂದರೆ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇ-ಪಾಸ್ ಬಂತು. ಜೀಪು ಓಡಿಸುವ ಭಾವನಿಗೆ ಈ ಎರಡು ತಿಂಗಳ ದುಡಿಮೆಯೇ ಮಳೆಗಾಲದ ಅಕ್ಕಿ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ. ಮಕ್ಕಳು, ಅತ್ತೆ, ನೀರು, ಪಾಠ ಎಲ್ಲವೂ ಅಕ್ಕನ ತಲೆಯ ಮೇಲೆ.

ಅಕ್ಕ ಅಂದಳು, "ಟೈಂಟೇಬಲ್ ಬೇಕಾಗಿದ್ದು ಮಕ್ಕಳಿಗಲ್ಲ ಕಣೇ, ನನಗೆ. ಶಾಲೇಲಿ ಬೆಲ್ ಹೊಡೆದರೆ ಟೀಚರ್ ಮನೆಗೆ ಹೋಗ್ತಾರೆ. ಇವತ್ತಿಗೆ ಇಷ್ಟು ಸಾಕು ಅಂತ ನನಗೆ ಹೇಳೋಕೆ ಯಾರಿದ್ದಾರೆ? ಊರವರು ಏನಂತಾರೆ ಅಂತ ರಾತ್ರೀನೂ ಲೆಕ್ಕ ಮಾಡಿಸ್ತೀನಿ." ಕಣ್ಣು ಒರೆಸಿಕೊಂಡಳು. ಊರವರು ಅಂದಾಗ ನನ್ನ ಕಡೆ ನೋಡಲಿಲ್ಲ. ಆಗ ನಾನು ಕ್ಷಮೆ ಕೇಳಿದೆ. "ಗೊತ್ತಿತ್ತು ಬಿಡೇ" ಅಂದು ಕಾಫಿ ಕೊಟ್ಟಳು.

ಚಾರ್ಟನ್ನು ತಿರುಗಿಸಿ, ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದೆವು. ಈ ಸಲ ಗಂಟೆಗಳನ್ನು ಬರೆಯಲಿಲ್ಲ. ಆ ಮನೆಯಲ್ಲಿ ಹೇಗಿದ್ದರೂ ನಡೆಯುವುದನ್ನು ಮೊದಲು ಬರೆದೆವು: ಆನೆ ಭಯ ಕಳೆಯುವ ಹೊತ್ತು, ನೀರು ಹಿಡಿಯುವ ಹೊತ್ತು, ಮಧ್ಯಾಹ್ನದ ಊಟ, ಕತ್ತಲಾಗುವುದು, ಭಾನುವಾರದ ಪೂಜೆ. ಒಂದೊಂದಕ್ಕೂ ಒಂದೊಂದೇ ಕೆಲಸ ಕಟ್ಟಿದೆವು. ತಿಂಡಿಯಾದ ಮೇಲೆ ಗಣಿತ ಮತ್ತು ಓದು, ಒಂದೂವರೆ ಗಂಟೆ, ಅಷ್ಟೇ. ನೀರು ಹಿಡಿದ ಮೇಲೆ ಹೊರಗೆ. ಊಟವಾದ ಮೇಲೆ ಎಲ್ಲರೂ ಸುಮ್ಮನಿರುವುದು. ಮಲಗಬಹುದು, ಚಿತ್ರ ಬರೆಯಬಹುದು, ಅಮ್ಮನನ್ನು ಮಾತ್ರ ಕರೆಯಬಾರದು. ಬುಧವಾರ ಪಾಠವೇ ಇಲ್ಲ.

ಜಪಸರದ ವಿಷಯದಲ್ಲಿ ಅಕ್ಕ ಹಿಂಜರಿದಳು. ಮೇ ತಿಂಗಳು ಮಾತೆ ಮರಿಯಮ್ಮನವರ ತಿಂಗಳು, ಕಡಿಮೆ ಮಾಡುವುದು ಹೇಗೆ? ಕೊನೆಗೆ ಮಕ್ಕಳ ಜೊತೆ ದಿನಕ್ಕೆ ಒಂದು ದಶಕ ಅಂತಾಯಿತು. ಐದು ದಿನಕ್ಕೆ ಒಂದು ಜಪಸರ ಪೂರ್ತಿಯಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ, ನಿದ್ದೆ ಬರುವ ಮೊದಲೇ, ಸರದಿಯ ಮೇಲೆ ಒಂದು ಮಗು ಮುಂದೆ ಹೇಳುವುದು. ಭಾವ ಅದೇ ದಶಕವನ್ನು ಸವಾರಿ ಕಾಯುತ್ತಾ ಜೀಪಿನಲ್ಲೇ ಹೇಳಿಕೊಳ್ಳುತ್ತೇನೆ ಅಂದರು.

ದೊಡ್ಡವಳಿಗೆ 13 ವರ್ಷ. ಅವಳ ಹತ್ತನೇ ತರಗತಿಯ ಚಿಂತೆಯೇ ಅಕ್ಕನನ್ನು ಹೆಚ್ಚು ಕೊರೆಯುತ್ತಿದ್ದದ್ದು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ 14 ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಕನಿಷ್ಠ ಐದು ವಿಷಯ, ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಯ ಅವಕಾಶ. ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ. ನಮಗಂತೂ ಅಕ್ಟೋಬರೇ ವಾಸಿ. ಸೀಸನ್ ನಡುವೆ ಪರೀಕ್ಷೆ ಬೇಡ.

ಬಾಟನಿ ಓದಿದ್ದು ಕೊನೆಗೂ ಪ್ರಯೋಜನಕ್ಕೆ ಬಂತು. ಹೊರಗೆ ಹೋಗುವ ಹೊತ್ತಿಗೆ ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಕೊಟ್ಟೆ. ದಿನಾ ಒಂದೇ ಗಿಡ ನೋಡುವುದು, ಬರೆಯುವುದು. ಕಕ್ಕೆ ಮರ ಹಳದಿಯಾಗಿತ್ತು. ಎಲ್ಲೆಡೆ ಹಬ್ಬಿರುವ ಲಂಟಾನ ನಮ್ಮ ಕಾಡಿನದಲ್ಲ, ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ತಂದ ಗಿಡ ಅಂದಾಗ ನಡುವಿನವನು, "ಅದೂ ಟೂರಿಸ್ಟಾ?" ಅಂದ.

ಇದೇ ಕಾಡಿನ ಮೈಸೂರು ರಸ್ತೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದ. ಪ್ರಾಣಿಗಳಿಗೋಸ್ಕರ ಒಂದು ಹೆದ್ದಾರಿಯನ್ನೇ ನಿಲ್ಲಿಸಬಹುದು, ಒಬ್ಬ ತಾಯಿಯ ಮಧ್ಯಾಹ್ನ ಒಂದು ಗಂಟೆ ನಿಲ್ಲಿಸಲು ನಮಗೆ ಅಷ್ಟು ಕಷ್ಟ ಯಾಕೋ! ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ವಿಶ್ರಾಂತಿಗೆ ಕರೆದೊಯ್ಯುತ್ತಾರೆ. ಅಲ್ಲಿಗೂ ಜನ ಮೊದಲೇ ಬಂದು ಸೇರಿರುತ್ತಾರೆ. ಸೀಸನ್‌ನಲ್ಲಿ ಓದಿದರೆ ಆ ಭಾಗ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲವೂ ಸರಿಹೋಯಿತು ಅನ್ನುವುದಿಲ್ಲ. ಎರಡನೇ ವಾರ ನೆಂಟರು ಬಂದು ಗಣಿತ ನಿಂತೇಹೋಯಿತು. ಪುಟ್ಟಿ ಮಧ್ಯಾಹ್ನ ಸುಮ್ಮನಿದ್ದದ್ದು ಕಡಿಮೆ. ಆದರೆ ಮೇ ಕೊನೆಯಲ್ಲಿ ನಾನು ಹೋದಾಗ ನಡುವಿನವನ ಸರದಿ ಇತ್ತು. ಪ್ರಾರ್ಥನೆ ಪುಸ್ತಕದಿಂದ ಅರ್ಧ ಪುಟ, ಬೆರಳಿಟ್ಟು, ತಡವರಿಸುತ್ತಾ ಓದಿದ. ಯಾರೂ ಅವಸರ ಮಾಡಲಿಲ್ಲ. ಅಜ್ಜಿ ಮಾತ್ರ ನಡುವೆ ಒಮ್ಮೆ ತೂಕಡಿಸಿದರು.

ಈ ವರ್ಷ ಅಕ್ಕ ಬುಧವಾರಗಳನ್ನು ನಮ್ಮ ಯುವಜನರಿಗೆ ಬಿಟ್ಟುಕೊಟ್ಟಿದ್ದಾಳೆ. ಇಬ್ಬರು ಬಂದರೆ ಸಾಕು: ಮಕ್ಕಳ ಜೊತೆ ಆಟ, ಕಥೆ, ಅಕ್ಕನಿಗೆ ನಿದ್ದೆ. ಬರುವವರು ನನಗೆ ಭಾನುವಾರ ಪೂಜೆಯ ನಂತರ ಹೆಸರು ಕೊಡಿ. ಕನ್ನಡ ಕಥೆ ಪುಸ್ತಕ ಇದ್ದರೆ ತನ್ನಿ, ದೊಡ್ಡ ಅಕ್ಷರದ್ದು. ಕತ್ತಲಾಗುವ ಮೊದಲೇ ಹೊರಟುಬಿಡೋಣ.