ಇದ್ದ ಹಾಗೇ ಮಾರಿದ ಮನೆ

ರಾಮನಗರದಲ್ಲಿ ನಮ್ಮ ದಾದಾ ಕಟ್ಟಿಸಿದ ಮನೆಯನ್ನು ಈ ವರ್ಷ ಮಾರಿದೆವು. ರಿಪೇರಿ ಮಾಡಿಸಲಿಲ್ಲ, ಸುಣ್ಣಬಣ್ಣ ಹೊಡೆಸಲಿಲ್ಲ, ಇದ್ದದ್ದು ಇದ್ದ ಹಾಗೇ ಕೊಟ್ಟೆವು. ಕಾಮರ್ಸ್ ಓದುವ ಹುಡುಗಿ ಎಂದು ಅಬ್ಬಾ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ತಿಂಗಳು ಆ ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ನಮ್ಮ ಕಾಲೇಜಿನ ಎಷ್ಟೋ ಗೆಳೆಯ ಗೆಳತಿಯರ ಮನೆಗಳಲ್ಲಿ ಇಂಥದ್ದೇ ಒಂದು ಹಳೆಯ ಮನೆ, ಇಂಥದ್ದೇ ಒಂದು ಮಾತು ನಡೆಯುತ್ತಿರಬಹುದು. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದಾದಾ ರೇಷ್ಮೆ ರೀಲರ್. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ನಮ್ಮೂರಿನ ರೇಷ್ಮೆ ಗೂಡು ಮಾರುಕಟ್ಟೆಯಿಂದ ಗೂಡು ತಂದು, ಮನೆಯ ಹಿಂಭಾಗದಲ್ಲೇ ಚರಕ ಹಾಕಿ ನೂಲು ತೆಗೆಯುತ್ತಿದ್ದರು. ಮೂವತ್ತು ವರ್ಷ ಬಿಸಿನೀರಿನ ಹಬೆ ಕುಡಿದ ಗೋಡೆಗಳು ಉಪ್ಪು ಹಿಡಿದು ಪುಡಿಪುಡಿಯಾಗಿ ಉದುರುತ್ತಿದ್ದವು. ಮುಂದಿನ ಹಂಚಿನ ಮಾಡಿನ ತೊಲೆಗೆ ಗೆದ್ದಲು. ಕೋಯಾಹುಳುವಿನ ವಾಸನೆ ಮಾತ್ರ ಕೆಲಸ ನಿಂತ ಮೇಲೂ ಹೋಗಿರಲಿಲ್ಲ. ಇವೆಲ್ಲ ಬಂದವರ ಕಣ್ಣಿಗೆ, ಮೂಗಿಗೆ ತಾನಾಗಿ ಗೊತ್ತಾಗುವ ದೋಷಗಳು.

ಗೊತ್ತಾಗದ ದೋಷಗಳು ಎರಡಿದ್ದವು. ಒಂದು, 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಸುರಿದ ಮಳೆ. ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿದ ಆ ದಿನಗಳಲ್ಲಿ ನಮ್ಮ ಮನೆಯೊಳಗೂ ಮೊಣಕಾಲಿನವರೆಗೆ ನೀರು ನಿಂತಿತ್ತು. ಇನ್ನೊಂದು ಕಾಗದದಲ್ಲಿತ್ತು. ದಾದಾ ತೀರಿಕೊಂಡು ಹತ್ತು ವರ್ಷ ಕಳೆದರೂ ಖಾತೆ ಅವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಿರಲಿಲ್ಲ, ಮನೆ ಕಂದಾಯ ಬಾಕಿ, ಇ-ಖಾತೆ ಇಲ್ಲ. ಇಂಥ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ತೆಗೆದು ಕೊಳ್ಳುವವರು ಬಾಗಿಲವರೆಗೂ ಬರುವುದಿಲ್ಲ. ಹಾಗಾಗಿ ಬರುವವರು ಕೈಯಲ್ಲಿ ದುಡ್ಡಿರುವವರು ಮಾತ್ರ.

ಹಾಗೆ ಒಬ್ಬರು ಬೆಂಗಳೂರಿನಿಂದ ಬಂದರು. ಅವರ ಜೊತೆ ಬಂದ ಬ್ರೋಕರ್ ಮನೆಯನ್ನು ಐದು ನಿಮಿಷ ನೋಡಿ, "ಭಾಯ್, ಒಂದು ಮೊಳೆನೂ ಹೊಡೆಸಬೇಡಿ. ಇದ್ದ ಹಾಗೇ ತಗೋತೀವಿ. 36 ಲಕ್ಷ, ಹದಿನೈದು ದಿನದಲ್ಲಿ ಕ್ಯಾಶ್" ಎಂದರು.

ಇಂಥವರನ್ನು ಕಂಡರೆ ನಮ್ಮವರು ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ, ದೇವರು ಕಳಿಸಿದವರು ಅಥವಾ ಲೂಟಿ ಹೊಡೆಯಲು ಬಂದವರು. ನಾನು ಲೆಕ್ಕ ಹಾಕಿ ನೋಡಿದೆ. ಮನೆ ರಿಪೇರಿಯಾಗಿ, ಕಾಗದ ಸರಿಯಾದರೆ 45 ಲಕ್ಷ ಬರಬಹುದು ಎಂದು ನಮ್ಮ ಬೀದಿಯವರೇ ಹೇಳುತ್ತಿದ್ದರು. ಮಾಡು, ಗೋಡೆ, ವೈರಿಂಗ್ ಸೇರಿ ಮೇಸ್ತ್ರಿ ಹೇಳಿದ್ದು 6 ಲಕ್ಷ. ಉಳಿಯುವುದು 39. ಆ 6 ಲಕ್ಷ ನಮ್ಮ ಬಳಿ ಇರಲಿಲ್ಲ, ಎಂಟು ಹತ್ತು ತಿಂಗಳು ಕಾಯಬೇಕಿತ್ತು, ಅಷ್ಟು ದಿನವೂ ಚಾಚಾ ರೀಲಿಂಗ್ ಮೆಷಿನ್ನಿಗೆ ತೆಗೆದ ಸಾಲಕ್ಕೆ ಬಡ್ಡಿ ಕಟ್ಟಬೇಕಿತ್ತು. ಹೀಗೆ ನೋಡಿದರೆ 36 ಅನ್ಯಾಯದ ಬೆಲೆಯಲ್ಲ. ಕೊಳ್ಳುವವನು ನಮ್ಮ ತಲೆನೋವನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಾನೆ, ಅದಕ್ಕೆ ಕೂಲಿ ಹಿಡಿದುಕೊಳ್ಳುತ್ತಾನೆ. ಇದ್ದ ಹಾಗೇ ಮಾರುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಎರಡನೇ ಸಲ ಬಂದಾಗ ಮಾತು ಬಿಚ್ಚಿಕೊಂಡಿತು. ಸರ್ಕಾರದ ಮಾರ್ಗಸೂಚಿ ಬೆಲೆಯ ಪ್ರಕಾರ ಮನೆ 24 ಲಕ್ಷ. ಕ್ರಯಪತ್ರದಲ್ಲಿ ಅಷ್ಟೇ ಬರೆಯುವುದು, ಉಳಿದ 12 ಲಕ್ಷ ನೋಟಿನಲ್ಲಿ, ಕಾಗದವಿಲ್ಲದೆ. ಪೌತಿ ಖಾತೆಗೆ ಕಾಯುವುದು ಬೇಡ, ಸದ್ಯಕ್ಕೆ ಜಿಪಿಎ ಮತ್ತು ಕ್ರಯದ ಕರಾರು ಸಾಕು. ಹೆಣ್ಣುಮಕ್ಕಳಿಂದ ಮೊದಲೇ ಒಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಇನ್ನೂ ಸುಲಭ. ನೀರಿನ ಮಾತನ್ನು ಚಾಚಾ ಎತ್ತಿದಾಗ ಬ್ರೋಕರ್ ನಕ್ಕು, "ನಮಗೆ ಗೊತ್ತು ಬಿಡಿ. ನಾಳೆ ತಗೊಳ್ಳೋರಿಗೆ ಹೇಳೋದು ಬಿಡೋದು ನಮ್ಮ ಕೆಲಸ" ಎಂದರು. ಅಂದರೆ ಬಣ್ಣ ಹೊಡೆದು ಇನ್ನೊಂದು ಕುಟುಂಬಕ್ಕೆ ಮಾರುವುದು ಅವರ ವ್ಯಾಪಾರ. ಆ ಕುಟುಂಬಕ್ಕೆ ಮನೆ 'ಇದ್ದ ಹಾಗೆ' ಸಿಗುವುದಿಲ್ಲ, 'ಕಂಡ ಹಾಗೆ' ಸಿಗುತ್ತದೆ.

ಆ ರಾತ್ರಿ ನಾನು ಪುಸ್ತಕದಲ್ಲಿ ಹಿಸ್ಸೆಯ ಲೆಕ್ಕ ಬರೆದೆ. ನಮ್ಮ ವಾರಸು ಕಾನೂನಿನಲ್ಲಿ ಸತ್ತವರ ಸಾಲ, ವಸಿಯತ್ತು ತೀರಿದ ಮೇಲೆ ಪ್ರತಿಯೊಬ್ಬರ ಪಾಲು ಮೊದಲೇ ಗೊತ್ತು. ದಾದಾ ತೀರಿಕೊಂಡಾಗ ಅವರ ತಂದೆತಾಯಿ ಇರಲಿಲ್ಲ. ದಾದಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಗಂಡುಮಗನಿಗೆ ಎರಡು ಭಾಗವಾದರೆ ಹೆಣ್ಣುಮಗಳಿಗೆ ಒಂದು. ಅಬ್ಬಾ, ಚಾಚಾ, ಬಡಿ ಫುಪ್ಪು, ಛೋಟಿ ಫುಪ್ಪು. ಮನೆಯನ್ನು 48 ಪಾಲು ಮಾಡಿದರೆ ದಾದಿಗೆ 6, ಅಬ್ಬಾ ಮತ್ತು ಚಾಚಾಗೆ ತಲಾ 14, ಫುಪ್ಪುಗಳಿಗೆ ತಲಾ 7.

36 ಲಕ್ಷವನ್ನು ಹೀಗೆ ಹಂಚಿದರೆ ಒಬ್ಬೊಬ್ಬ ಫುಪ್ಪುಗೆ 5 ಲಕ್ಷ 25 ಸಾವಿರ. ಕಾಗದದ 24 ಲಕ್ಷವನ್ನು ಹಂಚಿದರೆ 3 ಲಕ್ಷ 50 ಸಾವಿರ. ಮನೆ ಒಂದೇ, ಬೆಲೆ ಒಂದೇ, ಪಾಲೂ ಒಂದೇ. ಆದರೂ 1 ಲಕ್ಷ 75 ಸಾವಿರ ಮಾಯ! ಅದು ಎಲ್ಲಿ ಹೋಯಿತು? ಕಾಗದದಲ್ಲಿ ಬರೆಯದ 12 ಲಕ್ಷದೊಳಗೆ ಹೋಯಿತು. ಆ ಚೀಲ ಬರುವಾಗ ಮನೆಯಲ್ಲಿ ಯಾರು ಇರುತ್ತಾರೋ ಅದು ಅವರದು. ಚನ್ನಪಟ್ಟಣದಲ್ಲಿ, ತುಮಕೂರಿನಲ್ಲಿ ಇರುವ ಫುಪ್ಪುಗಳಿಗೆ ತೋರಿಸುವುದು ಕ್ರಯಪತ್ರವನ್ನು. ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ, ಕ್ರಯಪತ್ರ ತಾನೇ ಹೇಳುತ್ತದೆ. ಬರೆಯದ ದುಡ್ಡಿಗೆ ಹಿಸ್ಸೆ ಇರುವುದಿಲ್ಲ. ಇಡೀ ವ್ಯವಹಾರದಲ್ಲಿ ನಾನು ಕಲಿತ ಪಾಠ ಇದೊಂದೇ.

ಈ ಪುಟವನ್ನು ಮರುದಿನ ಅಬ್ಬಾ ಮುಂದೆ ಇಟ್ಟೆ. ಇನ್ನೊಂದು ಸಾಲೂ ಬರೆದಿದ್ದೆ. ಬ್ರೋಕರ್ ಹೇಳಿದ ಹಾಗೆ ಮಾಡಿದರೆ ಅಬ್ಬಾ ಮತ್ತು ಚಾಚಾ ಕೈಗೆ 7 ಲಕ್ಷದ ಜೊತೆ ಇನ್ನೂ 6, ಒಟ್ಟು ತಲಾ 13 ಲಕ್ಷ ಬರುತ್ತದೆ. ಅಬ್ಬಾ ಬಾಡಿಗೆ ಗೂಡ್ಸ್ ಆಟೋ ಓಡಿಸುತ್ತಾರೆ, ಸ್ವಂತ ಗಾಡಿ ತೆಗೆಯುವ ಆಸೆ ಅವರಿಗೆ ಎಷ್ಟೋ ವರ್ಷದಿಂದ ಇದೆ. ಅವರು ಪುಟವನ್ನು ತುಂಬ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಚಾಚಾ ಮಾತ್ರ, "ಅಕ್ಕಂದಿರು ಕೇಳೇ ಇಲ್ಲ, ನೀನ್ಯಾಕಮ್ಮ ಕೇಳ್ತಿದ್ದೀಯ?" ಎಂದರು. ನಮ್ಮ ಕಡೆ ಅದೂ ನಿಜವೇ. ಹಿಸ್ಸೆ ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ಸುಮ್ಮನಿದ್ದದ್ದನ್ನು ಉಳಿದವರು 'ಮಾಫ್ ಮಾಡಿದರು' ಎಂದು ತಿಳಿದುಕೊಳ್ಳುತ್ತಾರೆ.

ದಾದಿ ಮಂಚದ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಅವರಿಗೆ ಓದು ಬರುವುದು ಕುರ್‌ಆನ್ ಮಾತ್ರ. ಅವರು ಹಿಸ್ಸೆಯ ಮಾತು ಎತ್ತಲಿಲ್ಲ, ನೀರಿನ ಮಾತು ಎತ್ತಿದರು. ಮದೀನಾದ ಬಜಾರಿನಲ್ಲಿ ಒಬ್ಬ ವ್ಯಾಪಾರಿ ಧಾನ್ಯ ರಾಶಿ ಹಾಕಿದ್ದು, ಪ್ರವಾದಿಯವರು (ಸ) ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿದ್ದು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ್ದು, ಈ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ದಾದಿ ಅದನ್ನು ಹೇಳಿ, "ಐಬ್ ಇರೋ ಮನೆ ಮಾರೋದು ಐಬ್ ಅಲ್ಲ ಬೇಟಾ. ಐಬ್ ಮುಚ್ಚಿಟ್ಟು ಮಾರೋದು ಐಬ್" ಎಂದರು.

ಸೋಮವಾರ ನಮ್ಮ ವ್ಯವಹಾರ ಅಧ್ಯಯನದ ಮೇಡಂ ಅವರನ್ನು ಕೇಳಿದೆ. ಗ್ರಾಹಕ ರಕ್ಷಣೆಯ ಪಾಠದಲ್ಲಿ 'ಕೇವಿಯಟ್ ಎಂಪ್ಟರ್', ಅಂದರೆ ಕೊಳ್ಳುವವನೇ ಎಚ್ಚರವಾಗಿರು ಎಂಬ ಹಳೆಯ ನಿಯಮ ಬರುತ್ತದಲ್ಲ, ಮನೆಗೂ ಅದೇ ಅನ್ವಯವಾಗುತ್ತದೆಯೇ ಎಂದು. ಅವರು ಲೈಬ್ರರಿಯಿಂದ 1882ರ ಆಸ್ತಿ ವರ್ಗಾವಣೆ ಕಾಯ್ದೆ ತೆಗೆಸಿ 55ನೇ ಕಲಂ ತೋರಿಸಿದರು. ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಗೊತ್ತಾಗದ ಮುಖ್ಯ ದೋಷವನ್ನು ಮಾರುವವನೇ ಹೇಳಬೇಕು. ಹೇಳದೆ ಬಿಟ್ಟರೆ ಅದು ವಂಚನೆ. ದೋಷ ಮನೆಯದ್ದಾದರೂ ಅಷ್ಟೇ, ಹಕ್ಕುಪತ್ರದ್ದಾದರೂ ಅಷ್ಟೇ. ದಾದಿ ಹೇಳಿದ್ದೂ ಕಲಂ ಹೇಳಿದ್ದೂ ಒಂದೇ ಆಗಿತ್ತು.

ಮೇಡಂ ಇನ್ನೆರಡು ವಿಷಯ ತಿಳಿಸಿದರು. ಜಿಪಿಎ ಮತ್ತು ಕರಾರಿನಿಂದ ಮನೆಯ ಮಾಲೀಕತ್ವ ಹೋಗುವುದೂ ಇಲ್ಲ, ಬರುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೋಂದಣಿಯಾದ ಕ್ರಯಪತ್ರವೇ ಬೇಕು. ಹಾಗೆಯೇ 2015ರಿಂದ ಆದಾಯ ತೆರಿಗೆ ಕಾನೂನಿನ ಪ್ರಕಾರ ಮನೆ, ಸೈಟು ಮಾರಿದ್ದಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ತೆಗೆದುಕೊಂಡವನಿಗೆ. ಅಂದರೆ 12 ಲಕ್ಷದ ಚೀಲಕ್ಕೆ 12 ಲಕ್ಷ ದಂಡ. 'ಕ್ಯಾಶ್ ಪಾರ್ಟಿ' ಎಂಬ ಮಾತಿಗೆ ಎರಡು ಅರ್ಥ ಇದೆ ಎಂದು ನನಗೆ ಆಗ ಹೊಳೆಯಿತು. ಬ್ಯಾಂಕ್ ಸಾಲಕ್ಕೆ ಕಾಯದೆ ಪೂರ್ತಿ ಹಣವನ್ನು ತಕ್ಷಣ ಕೊಡಬಲ್ಲವನು ಒಂದು ಅರ್ಥ. ಆ ಹಣ ಚೆಕ್ಕಿನಲ್ಲಿ, ಡಿಡಿಯಲ್ಲಿ, ಖಾತೆಯಿಂದ ಖಾತೆಗೆ ಬರಬಹುದು. ಚೀಲದಲ್ಲಿ ನೋಟು ತರುವವನು ಇನ್ನೊಂದು ಅರ್ಥ. ನಮಗೆ ಬೇಕಾಗಿದ್ದವನು ಮೊದಲನೆಯವನು.

ಅಬ್ಬಾ ಬೆಂಗಳೂರಿನವರಿಗೆ ಫೋನ್ ಮಾಡಿ, ಪೂರ್ತಿ ಬೆಲೆ ಕಾಗದದಲ್ಲಿ ಬರಲಿ ಎಂದರು. ಅವರು ಮತ್ತೆ ಫೋನ್ ಎತ್ತಲಿಲ್ಲ. ಮೂರು ವಾರ ಯಾರೂ ಬರಲಿಲ್ಲ. ಚಾಚಾ ನನ್ನೊಡನೆ ಮಾತು ಬಿಟ್ಟಿದ್ದರು. ಆ ದಿನಗಳಲ್ಲೇ ಅಬ್ಬಾ ನಗರಸಭೆಗೆ ಅಲೆದು ದಾದಾನ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆಗೆ ಅರ್ಜಿ ಹಾಕಿದರು. ಮನೆಯನ್ನು ಇದ್ದ ಹಾಗೇ ಮಾರಬಹುದು, ಕಾಗದವನ್ನು ಇದ್ದ ಹಾಗೇ ಮಾರಲಾಗುವುದಿಲ್ಲ.

ಕೊನೆಗೆ ಕೊಂಡವರು ನಮ್ಮ ಪಕ್ಕದ ಬೀದಿಯ ಒಬ್ಬ ರೀಲರ್. 2022ರ ನೀರು ಅವರ ಮನೆಗೂ ಬಂದಿತ್ತು, ಹಾಗಾಗಿ ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಆದರೂ ಕ್ರಯಪತ್ರದಲ್ಲಿ ಆ ಮಾತು ಬರಲೇಬೇಕೆಂದು ದಾದಿ ಹಟ ಹಿಡಿದರು. ಮನೆಯ ಗೋಡೆ, ಮಾಡು ಹಳೆಯದು, ನೀರು ನುಗ್ಗಿದ್ದುಂಟು, ಇದನ್ನೆಲ್ಲ ತಿಳಿದು ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತಿದ್ದಾರೆ ಎಂದು ಚಕ್ಕುಬಂದಿಯ ಕೆಳಗೆ ಬರೆಸಿದರು. ಅದರಿಂದ ನಮಗೂ ರಕ್ಷಣೆ. ನಾಳೆ ಯಾರೂ "ನೀವು ಹೇಳಲಿಲ್ಲ" ಎನ್ನುವಂತಿಲ್ಲ. ಬೆಲೆ 35 ಲಕ್ಷ, ಪೂರ್ತಿ ಕಾಗದದಲ್ಲಿ. ಮುಂಗಡವಾಗಿ ಬ್ಯಾಂಕಿನ ಮೂಲಕ ಬಂದ 1 ಲಕ್ಷ 40 ಸಾವಿರ ಕಂದಾಯ ಬಾಕಿಗೆ, ಖಾತೆಯ ಖರ್ಚಿಗೆ, ವಕೀಲರಿಗೆ ಹೋಯಿತು. ಉಳಿದ 33 ಲಕ್ಷ 60 ಸಾವಿರಕ್ಕೆ ಐದು ಡಿಡಿ ಬಂದವು. ದಾದಿಗೆ 4 ಲಕ್ಷ 20 ಸಾವಿರ, ಅಬ್ಬಾ ಮತ್ತು ಚಾಚಾಗೆ ತಲಾ 9 ಲಕ್ಷ 80 ಸಾವಿರ, ಫುಪ್ಪುಗಳಿಗೆ ತಲಾ 4 ಲಕ್ಷ 90 ಸಾವಿರ.

ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಬಡಿ ಫುಪ್ಪು ತಮ್ಮ ಹೆಸರಿನ ಡಿಡಿಯನ್ನು ಎರಡು ಸಲ ಓದಿದರು. ಯಾರೋ ಸಂಬಂಧಿಕರು ತಮಾಷೆಗೆ, "ಹಿಸ್ಸೆ ತಗೊಂಡ್ರಿ, ಇನ್ನು ತವರಿನ ಬಾಗಿಲು ಮುಚ್ಚಿತು" ಎಂದರು. ಫುಪ್ಪು, "ಬಾಗಿಲನ್ನೇ ಮಾರಿ ಆಯ್ತಲ್ಲ, ಇನ್ನು ಮುಚ್ಚೋದು ಏನನ್ನ?" ಎಂದರು. ಚಾಚಾ ಕೂಡ ನಕ್ಕರು.

ಇದರಲ್ಲಿ ಅಬ್ಬಾಗೆ ನಷ್ಟವಾಗಲಿಲ್ಲ ಎಂದು ನಾನು ಬರೆಯುವುದಿಲ್ಲ. 13 ಲಕ್ಷ ಬರಬಹುದಾಗಿದ್ದ ಕಡೆ 9 ಲಕ್ಷ 80 ಸಾವಿರ ಬಂತು. ಹೊಸ ಗೂಡ್ಸ್ ಗಾಡಿಯ ಮಾತು ನಿಂತಿದೆ, ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದಾರೆ. ಆದರೆ ಆ 3 ಲಕ್ಷ 20 ಸಾವಿರದಲ್ಲಿ ಹೆಚ್ಚಿನ ಪಾಲು ಅವರದ್ದಾಗಿರಲೇ ಇಲ್ಲ, ಅವರ ತಾಯಿಯದು, ಅಕ್ಕತಂಗಿಯರದು. ಅಕೌಂಟೆನ್ಸಿಯಲ್ಲಿ ಇನ್ನೊಬ್ಬರ ಬಾಕಿಯನ್ನು ನಮ್ಮ ಲಾಭದ ಕಡೆ ಬರೆದರೆ ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣುತ್ತದೆ, ಆದರೆ ಸರಿಯಾಗಿರುವುದಿಲ್ಲ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಹಳೆಯ ಆಸ್ತಿ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೂರು ಪ್ರಶ್ನೆ ಕೇಳಿ. ಖಾತೆ ಯಾರ ಹೆಸರಿನಲ್ಲಿದೆ? ವಾರಸುದಾರರು ಯಾರ್ಯಾರು? ಮಾರುವ ದಿನ ಬೆಲೆಯನ್ನು ಪೂರ್ತಿ ಬರೆಯುತ್ತೀರಾ? ವಿಶೇಷವಾಗಿ ಹುಡುಗಿಯರು ಕೇಳಿ. ನಾನು ಕೇಳಿದ್ದು ಫುಪ್ಪುಗಳಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಬ್ಬ ತಮ್ಮನಿದ್ದಾನೆ. ಅವನ ಮಕ್ಕಳಿಗೆ ನಾಳೆ ನಾನೂ ಫುಪ್ಪುವೇ.