ಕವಳದ ಕೆಂಪು ಎಲ್ಲಿತ್ತು? (ತಲೆಯೊಳಗಿನ ಪ್ರಶ್ನೆಗಳು, ಭಾಗ 4)

ನಿಮ್ಮನೇಲಿ ಎಲೆ ಅಡಿಕೆ ಹಾಕೋರು ಇದ್ದಾರಾ? ಇದ್ದರೆ ಇವತ್ತು ಅವರ ಪಕ್ಕ ಕೂತು ನೋಡಿ. ಎಲೆ ಹಸಿರು. ಸುಣ್ಣ ಬಿಳಿ. ಚಾಲಿ ಅಡಿಕೆ ಒಡೆದರೆ ಒಳಗೆ ಬಿಳಿ, ಕಂದು ಗೆರೆಗಳು. ಮೂರೂ ಬಾಯಲ್ಲಿ ಸೇರಿದ ಮೇಲೆ ಮಾತ್ರ ಆ ಕೆಂಪು.

ನಮ್ಮದು ಶಿರಸಿ ಕಡೆ, ಅಲ್ಲಿ ಇದು ಕವಳ. ಚಿಕ್ಕವಳಿದ್ದಾಗ ಅಮ್ಮಮ್ಮನ್ನ ಕೇಳಿದ್ದೆ, ಕೆಂಪು ಯಾವುದರೊಳಗಿತ್ತು ಅಂತ. "ಯಾವ್ದ್ರಲ್ಲೂ ಇಲ್ಲೆ ಕೂಸೆ, ಕೂಡಿದ್ಮೇಲೆ ಬತ್ತು" ಅಂದಿದ್ದಳು.

ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ಇದು ಚಾರ್ವಾಕರ ಉದಾಹರಣೆ! ಅವರ ಮತವನ್ನು ವಿವರಿಸುವ 'ಸರ್ವಸಿದ್ಧಾಂತಸಂಗ್ರಹ'ದಲ್ಲಿ ಇದೇ ಎಲೆ, ಅಡಿಕೆ, ಸುಣ್ಣ ಬರುತ್ತೆ. ಮಣ್ಣು, ನೀರು, ಬೆಂಕಿ, ಗಾಳಿ ಯಾವುದಕ್ಕೂ ಪ್ರಜ್ಞೆ ಇಲ್ಲ. ದೇಹವಾಗಿ ಕೂಡಿದಾಗ ಪ್ರಜ್ಞೆ ಹುಟ್ಟುತ್ತೆ, ಬೇರೆ ಆತ್ಮ ಬೇಕಿಲ್ಲ ಅಂದರು ಅವರು. ಇವತ್ತಿನ ತತ್ತ್ವಶಾಸ್ತ್ರದಲ್ಲಿ ಇಂಥದ್ದಕ್ಕೆ ಎಮರ್ಜೆನ್ಸ್ ಅಂತಾರೆ, ಹೊರಹೊಮ್ಮುವಿಕೆ.

ಆದರೆ ಒಂದು ತೊಡಕಿದೆ. ಕವಳದ ಕೆಂಪಿಗೆ ಕಾರಣ ಹೇಳಬಹುದು: ಸುಣ್ಣದ ಕ್ಷಾರ ಅಡಿಕೆಯಲ್ಲಿರೋ ಪಾಲಿಫಿನಾಲ್‌ಗಳ ಬಣ್ಣ ಬದಲಿಸುತ್ತೆ. ಮೆದುಳಿಗೆ? ಸುಮಾರು 8,600 ಕೋಟಿ ನರಕೋಶಗಳು. ಒಂದಕ್ಕೂ ಕಾಫಿ ಪರಿಮಳ ಗೊತ್ತಿಲ್ಲ. ಎಲ್ಲ ಸೇರಿದಾಗ ನಿಮಗೆ ಗೊತ್ತಾಗುತ್ತೆ. ಹೇಗೆ?

1925ರಲ್ಲಿ ಸಿ. ಡಿ. ಬ್ರಾಡ್ ಅನ್ನೋ ಇಂಗ್ಲಿಷ್ ತತ್ತ್ವಜ್ಞಾನಿ ಹೀಗೆ ವಾದಿಸಿದರು: ಎಲ್ಲ ಲೆಕ್ಕ ಬಲ್ಲ ದೇವದೂತನೊಬ್ಬ ಅಮೋನಿಯಾದ ರಚನೆಯನ್ನ ಮೊದಲೇ ಹೇಳಬಲ್ಲ, ಅದರ ವಾಸನೆ ಹೇಗಿರುತ್ತೆ ಅಂತ ಮಾತ್ರ ಹೇಳಲಾರ. 1995ರಲ್ಲಿ ಡೇವಿಡ್ ಚಾಮರ್ಸ್ ಈ ತೊಡಕನ್ನೇ 'ಕಠಿಣ ಸಮಸ್ಯೆ' ಅಂತ ಕರೆದರು.

ಇದೆಲ್ಲ ನನಗೆ ಪುಸ್ತಕದ ಪ್ರಶ್ನೆಯಾಗಿತ್ತು, ಅಮ್ಮಮ್ಮನಿಗೆ ಪಾರ್ಶ್ವವಾಯು ಆಗೋವರೆಗೆ.

ಐಸಿಯುನಲ್ಲಿ ಅವಳ ಚಾರ್ಟ್ ಮೇಲೆ 7 ಅಂತ ಬರೆದಿತ್ತು. ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು ತೆರೀತಾರಾ, ಮಾತಾಡ್ತಾರಾ, ಕೈಕಾಲು ಆಡಿಸ್ತಾರಾ ಅಂತ ನೋಡಿ ಅಂಕ ಕೊಡ್ತಾರೆ. ಕಡಿಮೆ ಅಂದರೆ 3, ಹೆಚ್ಚೆಂದರೆ 15. ಈ ಅಳತೆ ಬಂದಿದ್ದು 1974ರಲ್ಲಿ. ಒಬ್ಬರ ಅನುಭವ ಒಳಗಿಂದ ಹೇಗಿರುತ್ತೆ ಅನ್ನೋದು ಹೊರಗಿನ ವಿವರಣೆಗೆ ಸಿಗಲ್ಲ ಅಂತ ಥಾಮಸ್ ನೇಗಲ್ ಬರೆದಿದ್ದೂ ಅದೇ ವರ್ಷ.

ಡಾಕ್ಟರ್‌ನ ಕೇಳಿದೆ, "ನಾನು ಮಾತಾಡಿದ್ರೆ ಅವಳಿಗೆ ಕೇಳತ್ತಾ?"

"ಅಂಕ ಹೇಳಬಹುದು. ಅದನ್ನ ಹೇಳೋಕಾಗಲ್ಲ" ಅಂದರು.

ದಿನಾ ಹತ್ತು ನಿಮಿಷ ಒಳಗೆ ಬಿಡ್ತಿದ್ರು. ಕೊನೆ ಕೊಯ್ಲು ಶುರುವಾಗಿದ್ದು, ಅಡಿಕೆ ರೇಟು, ಅವಳ ಕವಳದ ಸಂಚಿ ನನ್ನ ಹತ್ರಾನೇ ಇರೋದು, ಎಲ್ಲ ಹೇಳಿದೆ. ಕೈ ಒಂದು ಸಲ ಅಲುಗಿತು. ಅದು ಉತ್ತರವೋ, ಬರೀ ನರದ ಸೆಳೆತವೋ? ಆರನೇ ದಿನ ಹೋದಳು.

ಈಗಲೂ ನಾನು ಚಾರ್ವಾಕರ ಕಡೆಗೇ ವಾಲ್ತೀನಿ. ಕೂಡಿದ್ದು ಬಿಡಿಯಾದರೆ ಕೆಂಪು ಎಲ್ಲಿಗೂ ಹೋಗಲ್ಲ, ಇಲ್ಲವಾಗುತ್ತೆ ಅಷ್ಟೆ. ಆದರೆ ಕೂಡಿದ್ದರಿಂದ ಬಂದದ್ದು ಅಂದ ಮಾತ್ರಕ್ಕೆ ಆ ಕೆಂಪು ಸುಳ್ಳಾಗಿರಲಿಲ್ಲ. ಅದು ಹೇಗೆ ಬಂತು ಅನ್ನೋದನ್ನ ಯಾರೂ ಇನ್ನೂ ಪೂರ್ತಿ ವಿವರಿಸಿಲ್ಲ. ಹಾಗಿರುವಾಗ ಅಂಕ ನೋಡಿ ಸುಮ್ಮನಿರೋದು ನನ್ನಿಂದ ಆಗಲಿಲ್ಲ.

ನೀವಾಗಿದ್ರೆ ಮಾತಾಡ್ತಿದ್ರಾ? ಕಾಮೆಂಟ್‌ನಲ್ಲಿ ಬರೀರಿ, ಎಲ್ಲಾ ಓದ್ತೀನಿ.

ಮುಂದಿನ ಭಾಗದಲ್ಲಿ: ನೇಗಲ್ ಅವರ ಬಾವಲಿ.

#ತಲೆಯೊಳಗಿನಪ್ರಶ್ನೆಗಳು #ಪ್ರಜ್ಞೆ #ಕವಳ